ಆ ಮಕ್ಕಳಿಗೆ ಅಜ್ಜಿ ಇದ್ದಾರೆ: ಉಗಾಂಡಾದ ಕನ್ನಡಿಗರಿಗೆ ಒಂದು ಬಹಿರಂಗ ಪತ್ರ

ಕಂಪಾಲಾ, ಎಂಟೆಬೆ, ಜಿಂಜಾದಲ್ಲಿರುವ ಕನ್ನಡದ ಅಣ್ಣಂದಿರೇ, ಅಕ್ಕಂದಿರೇ,

ನಮಸ್ಕಾರ. ನಾನು ನಿಮ್ಮ ಜೊತೆಯವನೇ. ಹಾಸನದ ಕಡೆಯವನು. ಇಲ್ಲಿಗೆ ಬಂದು ಒಂಬತ್ತು ವರ್ಷ ಆಯಿತು, ಲೆಕ್ಕಪತ್ರ ನೋಡುವ ಕೆಲಸ. ಯುಗಾದಿಗೆ, ರಾಜ್ಯೋತ್ಸವಕ್ಕೆ ನಾವೆಲ್ಲ ಒಟ್ಟಿಗೆ ಕೂತು ಉಂಡವರು. ನಿಮಗೇ ಎದುರಿಗೆ ಹೇಳಬಹುದಿತ್ತು. ಆದರೆ ನೈರೋಬಿ, ಕಿಗಾಲಿ, ದಾರ್ ಎಸ್ ಸಲಾಂನಲ್ಲಿರುವ ನಮ್ಮವರೂ ಓದಲಿ, ಊರಿಂದ ಇಲ್ಲಿಗೆ ದುಡ್ಡು ಕಳಿಸುವವರೂ ಓದಲಿ ಅಂತ ಹೀಗೆ ಎಲ್ಲರ ಮುಂದೆ ಬರೆಯುತ್ತಿದ್ದೇನೆ.

ವಿಷಯ ಇಷ್ಟೇ. ಈ ಸಲ ರಾಜ್ಯೋತ್ಸವದ ದಿನ ಅನಾಥಾಶ್ರಮದಲ್ಲಿ ಊಟ ಹಾಕಿಸುವುದು ಬೇಡ. ಆ ದುಡ್ಡನ್ನು ಮಕ್ಕಳ ಮನೆಗೆ ತಲುಪಿಸೋಣ. ಮನೆಯಾ, ಅನಾಥ ಮಕ್ಕಳಿಗೆ ಎಲ್ಲಿಯ ಮನೆ ಅಂತ ಕೇಳುತ್ತೀರಿ. ಎರಡು ವರ್ಷದ ಹಿಂದೆ ನಾನೂ ಹಾಗೇ ಕೇಳುತ್ತಿದ್ದೆ.

ಊರಲ್ಲಿ ಮಗುವಿನ ಹುಟ್ಟುಹಬ್ಬ ಬಂತು ಅಂದರೆ, ತಂದೆಯ ತಿಥಿ ಬಂತು ಅಂದರೆ, ಹತ್ತಿರದ ಆಶ್ರಮಕ್ಕೆ ಹೋಗಿ ಒಂದು ಹೊತ್ತಿನ ಊಟ ಹಾಕಿಸಿ ಬರುವುದು ನಮ್ಮ ರೂಢಿ. ಆ ರೂಢಿಯನ್ನೇ ಇಲ್ಲಿಗೂ ತಂದೆವು. ಒಳ್ಳೆಯ ಮನಸ್ಸಿನಿಂದಲೇ ತಂದೆವು. ನಾನೇ ಆರು ಸಲ ಹೋಗಿದ್ದೇನೆ. ಎಂಟೆಬೆ ರಸ್ತೆಯಿಂದ ಒಳಗೆ ತಿರುಗಿ ಹೋದರೆ ಸಿಗುವ ಒಂದು ಆಶ್ರಮ, ಹೆಸರು ಬೇಡ. ಎಂಬತ್ತು ಮಕ್ಕಳು. ನಾವು ಪಲಾವ್, ಕೇಸರಿಬಾತ್ ಮಾಡಿಸಿಕೊಂಡು ಹೋಗುತ್ತಿದ್ದೆವು. ಮಕ್ಕಳು ಸಾಲಾಗಿ ನಿಂತು ಹಾಡು ಹೇಳುತ್ತಿದ್ದವು, ನಾವು ಫೋಟೋ ತೆಗೆಸಿಕೊಳ್ಳುತ್ತಿದ್ದೆವು. ನಾಲ್ಕು ವರ್ಷದ ಒಂದು ಹೆಣ್ಣುಮಗು ಕಾರಿನಿಂದ ಇಳಿದ ಕೂಡಲೇ ಓಡಿಬಂದು ನನ್ನ ಹೆಂಡತಿಯ ಕೈ ಹಿಡಿದುಕೊಳ್ಳುತ್ತಿತ್ತು, ಹೊರಡುವಾಗ ಬಿಡುತ್ತಲೇ ಇರಲಿಲ್ಲ. ಎಷ್ಟು ಹಚ್ಚಿಕೊಂಡಿದೆ ನೋಡು ಅಂತ ನಾವು ಕಣ್ಣಲ್ಲಿ ನೀರು ತಂದುಕೊಂಡಿದ್ದೆವು. ಇದನ್ನು ಮಕ್ಕಳ ವಾರ್ಡಿನಲ್ಲಿ ಕೆಲಸ ಮಾಡುವ ಒಬ್ಬ ನರ್ಸ್ ಹತ್ತಿರ ಹೇಳಿದಾಗ ಅವರು ಸುಮ್ಮನೆ ಕೇಳಿಸಿಕೊಂಡು ಒಂದು ಮಾತು ಹೇಳಿದರು: ಮನೆಯಲ್ಲಿ ಬೆಳೆದ ನಾಲ್ಕು ವರ್ಷದ ಮಗು ಅಪರಿಚಿತರನ್ನು ಕಂಡರೆ ಅಮ್ಮನ ಹಿಂದೆ ಅಡಗಿಕೊಳ್ಳುತ್ತದೆ, ಬಂದವರ ಕೈಯನ್ನೆಲ್ಲ ಹಿಡಿಯುವ ಮಗುವಿಗೆ ಅಡಗಿಕೊಳ್ಳಲು ಯಾರೂ ಇಲ್ಲ ಅಂತ ಅರ್ಥ.

ಆ ಮಾತು ಕೇಳಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಅದೇ ಆಶ್ರಮದಲ್ಲಿ ಹತ್ತು ವರ್ಷದ ಒಬ್ಬ ಹುಡುಗನಿದ್ದ. ಲೆಕ್ಕದಲ್ಲಿ ಚುರುಕು. ನನ್ನ ಹತ್ತಿರ ಮಗ್ಗಿ ಹೇಳಿಸಿಕೊಳ್ಳುತ್ತಿದ್ದ. ಒಂದು ಜನವರಿಯಲ್ಲಿ ಹೋದಾಗ, ಕ್ರಿಸ್‌ಮಸ್‌ಗೆ ಏನು ಮಾಡಿದೆಯೋ ಅಂತ ಕೇಳಿದೆ. "ಜಾಜಾ ಮನೆಗೆ ಹೋಗಿದ್ದೆ" ಅಂದ. ಜಾಜಾ ಅಂದರೆ ಲುಗಾಂಡಾ ಭಾಷೆಯಲ್ಲಿ ಅಜ್ಜಿ. ಯಾವ ಜಾಜಾ, ನಿನಗೆ ಯಾರೂ ಇಲ್ಲ ಅಂದಿದ್ದರಲ್ಲ ಅಂದೆ. ಹುಡುಗ ಅಲ್ಲಿದ್ದ ಆಶ್ರಮದವರ ಮುಖ ನೋಡಿ ಸುಮ್ಮನಾದ.

ನನ್ನ ಆಫೀಸಿನ ಗೆಳೆಯರೊಬ್ಬರು ಆ ಕಡೆಯವರೇ. ಅವರನ್ನು ಕರೆದುಕೊಂಡು ಹುಡುಕಿದೆ. ಮಸಾಕಾ ರಸ್ತೆಯಲ್ಲಿ, ಎಂಪಿಗಿ ದಾಟುವುದಕ್ಕೆ ಮುಂಚೆಯೇ ಒಳಗೆ ಒಂದು ಹಳ್ಳಿ. ಆಶ್ರಮದಿಂದ ಮೂವತ್ತು ಮೂವತ್ತೈದು ಕಿಲೋಮೀಟರ್ ಇರಬಹುದು. ಟಾರ್ ರಸ್ತೆ ಬಿಟ್ಟ ಮೇಲೆ ಬೋಡಾ ಬೋಡಾ ಬೈಕಿನಲ್ಲಿ ಕೆಂಪು ಮಣ್ಣಿನ ದಾರಿ. ಬಾಳೆತೋಟದ ನಡುವೆ ತಗಡಿನ ಮನೆ, ಜಗಲಿಯಲ್ಲಿ ಮೂರು ಹಳದಿ ನೀರಿನ ಕ್ಯಾನ್, ಒಲೆಯ ಮೇಲೆ ಬಾಳೆಲೆ ಮುಚ್ಚಿದ ಪಾತ್ರೆಯಲ್ಲಿ ಮಟೋಕೆ, ಅಂದರೆ ಬಾಳೆಕಾಯಿ, ಬೇಯುತ್ತಿತ್ತು. ಅಜ್ಜಿ ಹೊರಗೆ ಬಂದು ಚಾಪೆ ಹಾಸಿ, ಈ ಕಡೆಯ ಪದ್ಧತಿಯಂತೆ ಮಂಡಿಯೂರಿ ನಮಗೆ ನಮಸ್ಕಾರ ಹೇಳಿದರು. ನನ್ನ ಅಮ್ಮನಿಗಿಂತ ದೊಡ್ಡವರು. ನನಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ.

ಹುಡುಗನ ಅಪ್ಪ ತೀರಿಕೊಂಡು ಆರು ವರ್ಷ. ಅಮ್ಮ ಸೌದಿಯಲ್ಲಿ ಮನೆಗೆಲಸಕ್ಕೆ ಹೋಗಿದ್ದಾಳೆ, ದುಡ್ಡು ಕೆಲವು ತಿಂಗಳು ಬರುತ್ತದೆ, ಕೆಲವು ತಿಂಗಳು ಇಲ್ಲ. ಅಜ್ಜಿಯ ಹತ್ತಿರ ಇನ್ನೂ ಮೂವರು ಮೊಮ್ಮಕ್ಕಳು. ಒಂದು ದಿನ ಯಾರೋ ಬಂದು, ಹುಡುಗನನ್ನು ಕೊಡಿ, ಕಂಪಾಲಾದಲ್ಲಿ ಒಳ್ಳೆಯ ಶಾಲೆಯಲ್ಲಿ ಓದಿಸುತ್ತೇವೆ, ಹೊರದೇಶದವರು ದುಡ್ಡು ಕಟ್ಟುತ್ತಾರೆ ಅಂದರಂತೆ. ಒಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡರಂತೆ. ಅಜ್ಜಿ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: "ಅವನು ಅಲ್ಲಿ ಹೊಟ್ಟೆ ತುಂಬ ಉಣ್ಣುತ್ತಾನಾ?"

ನಾವು ವರ್ಷಕ್ಕೊಂದು ಸಲ ಪಲಾವ್ ಹಾಕಿಸುತ್ತೇವೆ ಅಂತ ಹೇಳಲು ಬಾಯಿ ಬರಲಿಲ್ಲ.

ಮನೆಗೆ ಬಂದು ಲೆಕ್ಕ ಹಾಕಿದೆ, ನನಗೆ ಬರುವುದು ಅದೊಂದೇ. ನಮ್ಮ ಹೋದ ಸಲದ ಊಟಕ್ಕೆ, ವ್ಯಾನಿಗೆ, ಶಾಮಿಯಾನಕ್ಕೆ, ಮಕ್ಕಳಿಗೆ ಕೊಟ್ಟ ಚೀಲಗಳಿಗೆ ಎಲ್ಲ ಸೇರಿ ಖರ್ಚಾದದ್ದು 18 ಲಕ್ಷ ಶಿಲ್ಲಿಂಗ್. ಆ ಅಜ್ಜಿಯ ಹಳ್ಳಿಯ ಶಾಲೆಗೆ ಹೋಗಿ ಹೆಡ್‌ಮಾಸ್ಟರ್ ಹತ್ತಿರ ಕೇಳಿದೆ. ಉಗಾಂಡಾದಲ್ಲಿ 1997ರಿಂದ ಪ್ರೈಮರಿ ಶಿಕ್ಷಣ ಉಚಿತ ಅಂತಿದೆ. ಆದರೆ ಯೂನಿಫಾರ್ಮ್ ನೀವೇ ತರಬೇಕು, ಪುಸ್ತಕ ನೀವೇ ತರಬೇಕು, ಮಧ್ಯಾಹ್ನದ ಗಂಜಿಗೆ ದುಡ್ಡು, ಪರೀಕ್ಷೆಗೆ ದುಡ್ಡು. ಇದರ ಮೇಲೆ ಟರ್ಮ್ ಶುರುವಾಗುವಾಗ ಮಗು ಒಂದು ಪೊರಕೆ, ಒಂದು ಬಂಡಲ್ ಬಿಳಿ ಹಾಳೆ, ಟಾಯ್ಲೆಟ್ ಪೇಪರ್ ತರಬೇಕು. ಇದೆಲ್ಲ ಸೇರಿ ಆ ಶಾಲೆಯಲ್ಲಿ ಒಂದು ಟರ್ಮಿಗೆ 72 ಸಾವಿರ ಶಿಲ್ಲಿಂಗ್. ಪ್ರೈಮರಿ ಏಳು ವರ್ಷ, ವರ್ಷಕ್ಕೆ ಮೂರು ಟರ್ಮ್, ಒಟ್ಟು 21 ಟರ್ಮ್. 15 ಲಕ್ಷದ 12 ಸಾವಿರ. ಅಂದರೆ ನಮ್ಮ ಒಂದು ಮಧ್ಯಾಹ್ನದ ಊಟದ ಖರ್ಚಿನಲ್ಲಿ ಒಂದು ಮಗು ಅಜ್ಜಿಯ ಮನೆಯಲ್ಲೇ ಇದ್ದುಕೊಂಡು ಒಂದನೇ ಕ್ಲಾಸಿನಿಂದ ಏಳನೇ ಕ್ಲಾಸಿನವರೆಗೆ ಓದಿ ಮುಗಿಸಬಹುದಿತ್ತು, ಆಮೇಲೂ ಮೂರು ಲಕ್ಷಕ್ಕೆ ಹತ್ತಿರ ಉಳಿಯುತ್ತಿತ್ತು. ಆ ಹುಡುಗ ಮನೆ ಬಿಟ್ಟದ್ದು ಅಪ್ಪ ಸತ್ತನೆಂದಲ್ಲ. ಒಂದು ಪೊರಕೆ, ಒಂದು ಬಂಡಲ್ ಹಾಳೆ, ಒಂದು ಯೂನಿಫಾರ್ಮಿಗೆ ದುಡ್ಡಿಲ್ಲ ಅಂತ.

ಇದು ಆ ಒಬ್ಬ ಹುಡುಗನ ಕಥೆ ಮಾತ್ರ ಅಂದುಕೊಳ್ಳಬೇಡಿ. ಅನಾಥ ಅನ್ನುವ ಮಾತಿನಲ್ಲೇ ನಾವು ಎಡವುತ್ತಿದ್ದೇವೆ. ಯುನಿಸೆಫ್ ಲೆಕ್ಕದಲ್ಲಿ ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರು ತೀರಿಕೊಂಡರೂ ಆ ಮಗು ಅನಾಥವೇ. 2015ರಲ್ಲಿ ಅವರು ಕೊಟ್ಟ ಅಂದಾಜಿನ ಪ್ರಕಾರ ಜಗತ್ತಿನಲ್ಲಿ ಇಂಥ ಮಕ್ಕಳು ಸುಮಾರು 14 ಕೋಟಿ, ಅದರಲ್ಲಿ ಆಫ್ರಿಕಾದಲ್ಲಿ 5 ಕೋಟಿ 20 ಲಕ್ಷ. ಈ ದೊಡ್ಡ ಸಂಖ್ಯೆ ಎಲ್ಲರಿಗೂ ಗೊತ್ತು. ಆದರೆ ಇಬ್ಬರನ್ನೂ ಕಳೆದುಕೊಂಡ ಮಕ್ಕಳು ಇಡೀ ಜಗತ್ತಿಗೇ ಒಂದೂವರೆ ಕೋಟಿ ಅಂತ ಅದೇ ಲೆಕ್ಕ ಹೇಳುತ್ತದೆ, ಅದನ್ನು ಯಾರೂ ಓದುವುದಿಲ್ಲ. ಆ ಒಂದೂವರೆ ಕೋಟಿಯಲ್ಲೂ ಜಾಸ್ತಿ ಮಕ್ಕಳು ಅಜ್ಜಿ, ದೊಡ್ಡಮ್ಮ, ಸೋದರಮಾವ, ಅಕ್ಕ ಹೀಗೆ ಯಾರಾದರೂ ನೆಂಟರ ಮನೆಯಲ್ಲೇ ಬೆಳೆಯುತ್ತಾರೆ. ಲುಗಾಂಡಾದಲ್ಲಿ ತಬ್ಬಲಿ ಮಗುವಿಗೆ ಮುಲೇಕ್ವಾ ಅನ್ನುತ್ತಾರೆ. ಬಿಟ್ಟುಹೋಗಲ್ಪಟ್ಟವನು ಅಂತ. ಸಾವು ಬಿಟ್ಟುಹೋದ ಮಗುವನ್ನು ಮನೆತನ ಎತ್ತಿಕೊಳ್ಳುತ್ತದೆ. ಇಲ್ಲಿ ಅದು ಹೊಸ ವಿಷಯವೇನಲ್ಲ, ನಮ್ಮಲ್ಲೂ ಅಲ್ಲ.

ದಕ್ಷಿಣ ಉಗಾಂಡಾದ ರಕಾಯಿ ಕಡೆ ಹೋದವರಿಗೆ ಗೊತ್ತಿರುತ್ತದೆ. ವಿಕ್ಟೋರಿಯಾ ಸರೋವರದ ದಡದ ಕಾಸೆನ್ಸೆರೊ ಅನ್ನುವ ಮೀನುಗಾರರ ಊರಿನಲ್ಲಿ 1982ರ ಸುಮಾರಿಗೆ ಉಗಾಂಡಾದ ಮೊದಲ ಏಡ್ಸ್ ಸಾವುಗಳಾದವು. ಜನ ಸೊರಗಿ ಸೊರಗಿ ಸಾಯುತ್ತಿದ್ದರು ಅಂತ ಅದನ್ನು ಸ್ಲಿಮ್ ಅಂತ ಕರೆದರು. ಮನೆಗೆ ಮನೆಯೇ ಖಾಲಿಯಾಯಿತು. ನಡು ವಯಸ್ಸಿನವರು ಹೋದರು, ಮುದುಕಿಯರು ಮತ್ತು ಮಕ್ಕಳು ಉಳಿದರು. ಆ ಮಕ್ಕಳನ್ನು ಸಾಕಿದ್ದು ಯಾವ ಆಶ್ರಮವೂ ಅಲ್ಲ. ಹೆತ್ತ ಮಕ್ಕಳನ್ನು ಮಣ್ಣು ಮಾಡಿ ಬಂದ ಅಜ್ಜಿಯರು, ಅದೇ ಕೈಯಲ್ಲಿ ಮೊಮ್ಮಕ್ಕಳಿಗೆ ಅನ್ನ ಕಲಸಿದರು.

ಸಿಯೆರಾ ಲಿಯೋನ್, ಲೈಬೀರಿಯಾ, ಗಿನಿಯಲ್ಲಿ 2014ರಲ್ಲಿ ಎಬೋಲಾ ಬಂದಾಗ ಏನಾಯಿತು ನೋಡಿ. ಮುಟ್ಟಿದರೆ ಸಾವು ಅನ್ನುವ ರೋಗ. ಆ ಮಕ್ಕಳನ್ನು ಯಾರು ಮನೆಗೆ ಸೇರಿಸುತ್ತಾರೆ ಅಂತ ಎಲ್ಲರೂ ಹೆದರಿದ್ದರು. 2015ರ ಮೊದಲ ತಿಂಗಳುಗಳಲ್ಲಿ ಯುನಿಸೆಫ್ ಕೊಟ್ಟ ಲೆಕ್ಕ ಹೀಗಿದೆ: ಹೆತ್ತವರನ್ನೋ ಸಾಕಿದವರನ್ನೋ ಕಳೆದುಕೊಂಡ ಮಕ್ಕಳು 16,600, ನೆಂಟರು, ಊರವರು ಬಿಟ್ಟು ಬೇರೆ ಕಡೆ ಇಡಬೇಕಾಗಿ ಬಂದದ್ದು ನೂರಕ್ಕೆ ಮೂರಕ್ಕಿಂತ ಕಡಿಮೆ ಮಕ್ಕಳನ್ನು. ಅಷ್ಟು ಭಯದಲ್ಲೂ ಜನ ಬಾಗಿಲು ತೆರೆದರು. ನನಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಹಾಗಾದರೆ ಇಷ್ಟೊಂದು ಆಶ್ರಮ ಹೇಗೆ ಹುಟ್ಟಿಕೊಂಡವು? ಹೇಳಲು ಕಷ್ಟವಾಗುತ್ತದೆ, ಆದರೂ ಹೇಳಬೇಕು. ದುಡ್ಡು ಕೊಡುವವರು ಬಂದರು, ಅದಕ್ಕೆ ಹುಟ್ಟಿಕೊಂಡವು. ಅಮೆರಿಕದಿಂದ, ಯುರೋಪಿನಿಂದ ಚರ್ಚಿನವರು ಬಂದರು, ರಜೆಯಲ್ಲಿ ಎರಡು ವಾರ ಸೇವೆ ಮಾಡುವ ಹುಡುಗ ಹುಡುಗಿಯರು ಬಂದರು, ನಾವೂ ಬಂದೆವು. ಫೋಟೋಗೆ ಮಕ್ಕಳು ಬೇಕು. ಮಕ್ಕಳು ಇಲ್ಲದಿದ್ದರೆ ದುಡ್ಡು ಬರುವುದಿಲ್ಲ. ಆಗ ಹಳ್ಳಿಗೆ ಹೋಗಿ ಮಕ್ಕಳನ್ನು ಕರೆತರುತ್ತಾರೆ. 2020ರ ಆಗಸ್ಟಿನಲ್ಲಿ ಅಮೆರಿಕ ಸರ್ಕಾರ ಉಗಾಂಡಾದ ಇಬ್ಬರು ನ್ಯಾಯಾಧೀಶರು, ಒಬ್ಬ ವಕೀಲೆ ಮತ್ತು ಆಕೆಯ ಗಂಡನ ಮೇಲೆ ನಿರ್ಬಂಧ ಹೇರಿತು. ದತ್ತು ಕೊಡಿಸುವ ದಂಧೆ ನಡೆಸಿದರು ಅನ್ನುವ ಆರೋಪ. ದೂರದ ಹಳ್ಳಿಗಳ ತಾಯ್ತಂದೆಯರಿಗೆ ನಿಮ್ಮ ಮಕ್ಕಳನ್ನು ಕಂಪಾಲಾದಲ್ಲಿ ಓದಿಸುತ್ತೇವೆ ಅಂತ ನಂಬಿಸಿ, ಪರವಾನಗಿಯಿಲ್ಲದ ಆಶ್ರಮದಲ್ಲಿಟ್ಟು, ಅಲ್ಲಿಂದ ವಿದೇಶಕ್ಕೆ ದತ್ತು ಕಳಿಸಿದರು ಅಂತ. ಆ ತಾಯಂದಿರು ಹೆಬ್ಬೆಟ್ಟು ಒತ್ತಿದ್ದು ಶಾಲೆಗೆ ಅಂದುಕೊಂಡು. ಎಂಪಿಗಿಯ ಅಜ್ಜಿ ಒತ್ತಿದ ಕಾಗದದಲ್ಲಿ ಏನಿತ್ತೋ, ಇವತ್ತಿಗೂ ಯಾರೂ ನನಗೆ ತೋರಿಸಿಲ್ಲ.

ಸರ್ಕಾರಗಳು ಸುಮ್ಮನೆ ಕೂತಿಲ್ಲ. ಉಗಾಂಡಾ 2016ರಲ್ಲಿ ಮಕ್ಕಳ ಕಾಯಿದೆ ತಿದ್ದುಪಡಿ ಮಾಡಿ, ವಿದೇಶಿಯರು ಬಂದು ನಾಲ್ಕು ದಿನದಲ್ಲಿ ಪೋಷಕತ್ವದ ಕಾಗದ ಮಾಡಿಸಿಕೊಂಡು ಮಗುವನ್ನು ಎತ್ತಿಕೊಂಡು ಹೋಗುವ ದಾರಿ ಮುಚ್ಚಿತು. ಇಥಿಯೋಪಿಯಾ 2018ರಲ್ಲಿ ವಿದೇಶಕ್ಕೆ ದತ್ತು ಕೊಡುವುದನ್ನೇ ನಿಲ್ಲಿಸಿತು. ಕೀನ್ಯಾ 2022ರ ಹೊಸ ಕಾಯಿದೆಯ ಜೊತೆಗೆ, ಹತ್ತು ವರ್ಷದೊಳಗೆ ಮಕ್ಕಳನ್ನು ಆಶ್ರಮಗಳಿಂದ ಮನೆಗಳಿಗೆ ತಲುಪಿಸಬೇಕು ಅಂತ ಯೋಜನೆ ಹಾಕಿಕೊಂಡಿದೆ. ನೈರೋಬಿಯ ನಮ್ಮವರು ಇದನ್ನು ಗಮನಿಸಬೇಕು: ನೀವು ಇವತ್ತು ಹೊಸ ಕಟ್ಟಡಕ್ಕೆ ದುಡ್ಡು ಕೊಟ್ಟರೆ, ಆ ದೇಶವೇ ಮುಚ್ಚಲು ಹೊರಟಿರುವುದಕ್ಕೆ ನೀವು ಗೋಡೆ ಕಟ್ಟಿದ ಹಾಗಾಗುತ್ತದೆ.

ರುವಾಂಡಾದ ವಿಷಯ ಸ್ವಲ್ಪ ಜಾಸ್ತಿ ಹೇಳುತ್ತೇನೆ. 1994ರಲ್ಲಿ ನೂರು ದಿನದಲ್ಲಿ ಎಂಟು ಲಕ್ಷ ಜನರನ್ನು ಕೊಂದ ನಾಡು ಅದು. ತಬ್ಬಲಿ ಮಕ್ಕಳು ಬೀದಿ ತುಂಬ. ಆಗ ಆಶ್ರಮಗಳು ಬೇಕಾಗಿದ್ದವು, ಸುಳ್ಳಲ್ಲ. ಆದರೆ ಹದಿನೆಂಟು ವರ್ಷ ಕಳೆದ ಮೇಲೆ, 2012ರಲ್ಲಿ ಎಣಿಸಿ ನೋಡಿದರೆ 33 ಆಶ್ರಮಗಳಲ್ಲಿ 3,323 ಮಕ್ಕಳು, ಯುವಕರು ಇನ್ನೂ ಇದ್ದರು. ನರಮೇಧದ ಆಮೇಲೆ ಹುಟ್ಟಿದ ಮಕ್ಕಳೂ ಅಲ್ಲಿದ್ದರು. ಮರುವರ್ಷದಿಂದ ತುಬರೆರೆರೆ ಮು ಮುರ್ಯಾಂಗೊ ಅನ್ನುವ ಕೆಲಸ ಶುರುವಾಯಿತು. ಮಕ್ಕಳನ್ನು ಮನೆಯಲ್ಲೇ ಬೆಳೆಸೋಣ ಅಂತ ಅದರ ಅರ್ಥ. ಒಂದೊಂದೇ ಮಗುವಿನ ಊರು ಹುಡುಕಿದರು, ನೆಂಟರನ್ನು ಹುಡುಕಿದರು, ಸಿಗದಿದ್ದರೆ ಸಾಕುವ ಮನೆ ಹುಡುಕಿದರು. ಹಾಗೆ ಸಾಕುವ ತಾಯ್ತಂದೆಯರಿಗೆ ಅಲ್ಲಿ ಮಲಾಯಿಕಾ ಮುರಿಂಜಿ, ಕಾಯುವ ದೇವದೂತ ಅನ್ನುತ್ತಾರೆ. ಪ್ರತಿ ಹಳ್ಳಿಯಲ್ಲಿ ಒಬ್ಬ ಗಂಡಸು, ಒಬ್ಬ ಹೆಂಗಸು ಇಂಥ ಮನೆಗಳಿಗೆ ಹೋಗಿ ಬಂದು ವಿಚಾರಿಸಿಕೊಳ್ಳಬೇಕು ಅಂತ ನೇಮಿಸಿದರು. ದೊಡ್ಡ ಕಟ್ಟಡವಿಲ್ಲ, ಬೋರ್ಡಿಲ್ಲ. ಯಾರೋ ಸಂಜೆ ನಡೆದುಕೊಂಡು ಹೋಗಿ, ಮಗು ಉಂಡಿತಾ, ಶಾಲೆಗೆ ಹೋಯಿತಾ, ಯಾರಾದರೂ ಹೊಡೆಯುತ್ತಾರಾ ಅಂತ ಕೇಳಿ ಬರುವುದು. ಮಕ್ಕಳ ರಕ್ಷಣೆ ಅಂದರೆ ಜಾಸ್ತಿ ಪಾಲು ಇದೇ ಕೆಲಸ.

ಹೋದ ತಿಂಗಳು ನಮ್ಮಲ್ಲೇ ಹಿರಿಯರೊಬ್ಬರು ನನ್ನನ್ನು ಕೇಳಿದರು: "ಏನಪ್ಪಾ, ಸಿದ್ಧಗಂಗೆಯಲ್ಲಿ ಸಾವಿರಾರು ಮಕ್ಕಳು ಉಂಡು ಓದಿ ದೊಡ್ಡವರಾಗಲಿಲ್ಲವಾ? ನಾನೇ ಅಲ್ಲಿ ಓದಿದವನು. ಅದೂ ತಪ್ಪಾ?" ನ್ಯಾಯವಾದ ಪ್ರಶ್ನೆ. ಅಣ್ಣಾ, ನಿಮ್ಮನ್ನು ಅಲ್ಲಿಗೆ ಸೇರಿಸಿದ್ದು ನಿಮ್ಮ ಅಪ್ಪನೇ ಅಲ್ವಾ? ಟ್ರಂಕು ಹೊತ್ತು ಬಿಟ್ಟುಹೋದವರೂ ಅವರೇ, ಬೇಸಿಗೆ ರಜೆಗೆ ಬಂದು ಕರೆದುಕೊಂಡು ಹೋದವರೂ ಅವರೇ. ನೀವು ಯಾರ ಮಗ, ಯಾವ ಊರು ಅಂತ ನಿಮಗೆ ಒಂದು ದಿನವೂ ಮರೆತಿರಲಿಲ್ಲ. ನಿಮ್ಮನ್ನು ಯಾರೂ ಅನಾಥ ಅಂತ ಬೋರ್ಡಿನ ಕೆಳಗೆ ನಿಲ್ಲಿಸಿ ಫೋಟೋ ತೆಗೆಯಲಿಲ್ಲ. ಅದು ಓದಲು ಇದ್ದ ಜಾಗ, ಮನೆ ಬೇರೆ ಇತ್ತು. ಇಲ್ಲಿ ಮಗುವಿನ ಮನೆಯನ್ನೇ ಇಲ್ಲ ಅನ್ನಿಸುತ್ತಾರೆ. ಅಜ್ಜಿ ಇದ್ದಾಳೆ ಅಂತ ಹೇಳಲು ಹತ್ತು ವರ್ಷದ ಹುಡುಗ ಹೆದರುತ್ತಾನೆ. ನನ್ನ ತಕರಾರು ಇದರ ಮೇಲೆ.

ಎಲ್ಲ ಆಶ್ರಮವೂ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಹುಟ್ಟಿದ ದಿನವೇ ತಿಪ್ಪೆಯಲ್ಲಿ ಸಿಕ್ಕ ಕೂಸಿಗೆ, ಮನೆಯವರಿಂದಲೇ ಹಾಳಾದ ಹುಡುಗಿಗೆ ಅವತ್ತು ರಾತ್ರಿ ಮಲಗಲು ಸುರಕ್ಷಿತ ಜಾಗ ಬೇಕೇ ಬೇಕು. ನೆಂಟರ ಮನೆ ಅಂದರೆ ಸ್ವರ್ಗವೂ ಅಲ್ಲ. ತಬ್ಬಲಿ ಹುಡುಗಿಯನ್ನು ನೀರು ಹೊರಲು ಇಟ್ಟುಕೊಂಡು ತಮ್ಮ ಮಕ್ಕಳನ್ನು ಮಾತ್ರ ಶಾಲೆಗೆ ಕಳಿಸುವ ಚಿಕ್ಕಮ್ಮಂದಿರು ಇಲ್ಲೂ ಇದ್ದಾರೆ, ನಮ್ಮೂರಲ್ಲೂ ಇದ್ದಾರೆ. ಅಪ್ಪ ಸತ್ತ ಮೇಲೆ ಅವನ ಜಮೀನನ್ನು ಚಿಕ್ಕಪ್ಪಂದಿರು ಹೊಡೆದುಕೊಂಡು ವಿಧವೆಯನ್ನು, ಮಕ್ಕಳನ್ನು ಹೊರಗೆ ಹಾಕುವುದೂ ಇಲ್ಲಿ ನಡೆಯುತ್ತದೆ. ಅದಕ್ಕೇ ಹೋಗಿ ಬಂದು ನೋಡುವ ಜನ ಬೇಕು ಅನ್ನುವುದು. ಇಲ್ಲಿ ಜಿಲ್ಲೆಗಳಲ್ಲಿ ಮಕ್ಕಳ ಕ್ಷೇಮ ನೋಡುವ ಸರ್ಕಾರಿ ಅಧಿಕಾರಿ ಇದ್ದಾರೆ, ಪ್ರೊಬೇಷನ್ ಆಫೀಸರ್ ಅಂತ. ಎಷ್ಟೋ ಕಡೆ ಇಡೀ ಜಿಲ್ಲೆಗೆ ಒಬ್ಬರೇ, ಎಷ್ಟೋ ಸಲ ಬೈಕಿಗೆ ಪೆಟ್ರೋಲೂ ಇರುವುದಿಲ್ಲ. ನಮ್ಮ ದೇಣಿಗೆ ಆ ಪೆಟ್ರೋಲಿಗೆ ಹೋದರೂ ನನಗೆ ಸಂತೋಷವೇ.

ತಾಯಿ ಬದುಕಿದ್ದರೆ ಮಗು ತಬ್ಬಲಿಯಾಗುವುದಿಲ್ಲ, ಇದನ್ನೂ ಮರೆಯಬಾರದು. 2001ರಲ್ಲಿ ನಮ್ಮ ಸಿಪ್ಲಾ ಕಂಪನಿ ಎಚ್‌ಐವಿ ಮಾತ್ರೆಗಳನ್ನು ಒಬ್ಬ ರೋಗಿಗೆ ವರ್ಷಕ್ಕೆ 350 ಡಾಲರಿಗೆ ಕೊಡುತ್ತೇವೆ ಅಂದಾಗ, ಬೇರೆಯವರ ಬೆಲೆ ಹತ್ತು ಸಾವಿರ ಡಾಲರ್ ಮೇಲಿತ್ತು. ಆಮೇಲೆ ಭಾರತದ ಮಾತ್ರೆಗಳು, 2003ರಿಂದ ಅಮೆರಿಕದ ಪೆಪ್‌ಫಾರ್ ಅನ್ನುವ ಏಡ್ಸ್ ಯೋಜನೆಯ ದುಡ್ಡು, ಎರಡೂ ಸೇರಿ ಎಷ್ಟೋ ತಾಯಂದಿರನ್ನು ಉಳಿಸಿದವು. ಲಕ್ಷ ಆಶ್ರಮ ಕಟ್ಟಿದರೂ ಆಗದ ಕೆಲಸ ಅದು. ಆದರೆ 2025ರ ಜನವರಿಯಲ್ಲಿ ಅಮೆರಿಕ ತನ್ನ ವಿದೇಶಿ ನೆರವನ್ನು ತಡೆಹಿಡಿಯಿತು, ಜುಲೈಯಲ್ಲಿ ಆ ನೆರವು ಹಂಚುತ್ತಿದ್ದ ಯುಎಸ್‌ಏಡ್ ಸಂಸ್ಥೆಯ ಬಾಗಿಲನ್ನೇ ಮುಚ್ಚಿತು. ಆ ದುಡ್ಡಿನಲ್ಲಿ ಇಂಥ ಮನೆಗಳಿಗೆ ಹೋಗಿ ಮಾತ್ರೆ ತೆಗೆದುಕೊಂಡೆಯಾ, ಮಗು ಶಾಲೆಗೆ ಹೋಯಿತಾ ಅಂತ ಕೇಳುತ್ತಿದ್ದ ಎಷ್ಟೋ ಕಾರ್ಯಕರ್ತೆಯರು ಕೆಲಸ ಕಳೆದುಕೊಂಡರು. ಈ ಹೊತ್ತಿನಲ್ಲಿ ಅಜ್ಜಿಯರ ಬೆನ್ನಿಗೆ ಯಾರಾದರೂ ನಿಲ್ಲಬೇಕು. ನಮ್ಮದು ಸಣ್ಣ ಗುಂಪು, ಗೊತ್ತು. ಆದರೂ ಇಪ್ಪತ್ತು ಮನೆಗೆ ನಿಲ್ಲಬಹುದು.

ಹೇಗೆ ಅಂತ ಕೇಳುತ್ತೀರಿ. ಎಂಪಿಗಿಯ ಆ ಹಳ್ಳಿಯಲ್ಲೇ ಹೆಂಗಸರ ಒಂದು ಉಳಿತಾಯ ಗುಂಪಿದೆ. ನಮ್ಮ ಸ್ತ್ರೀಶಕ್ತಿ ಸಂಘದ ಹಾಗೇ. ಒಂದು ತಗಡಿನ ಪೆಟ್ಟಿಗೆ, ಅದಕ್ಕೆ ಮೂರು ಬೀಗ, ಮೂರು ಬೀಗದ ಕೈ ಮೂವರು ಬೇರೆ ಬೇರೆ ಹೆಂಗಸರ ಹತ್ತಿರ. ಮೂವರೂ ಬಂದು ಕೂತರೇ ಪೆಟ್ಟಿಗೆ ತೆರೆಯುವುದು. ನಾನು ಒಂದು ಮಧ್ಯಾಹ್ನ ಮರದ ಕೆಳಗೆ ಕೂತು ನೋಡಿದೆ. ಒಬ್ಬೊಬ್ಬರೂ ಎದ್ದು ಬಂದು ದುಡ್ಡು ಎಣಿಸಿ ಕೊಟ್ಟರು, ಒಬ್ಬ ಹುಡುಗಿ ಪಾಸ್ ಪುಸ್ತಕದಲ್ಲಿ ಮುದ್ರೆ ಒತ್ತಿದಳು, ಕೊನೆಗೆ ಪೆಟ್ಟಿಗೆಯಲ್ಲಿ ಎಷ್ಟಿದೆ ಅಂತ ಎಲ್ಲರೂ ಒಟ್ಟಿಗೆ ಬಾಯಿಬಿಟ್ಟು ಹೇಳಿದರು. ಹದಿನೈದು ವರ್ಷ ಲೆಕ್ಕ ನೋಡಿದ್ದೇನೆ, ಇಷ್ಟು ಚೊಕ್ಕ ಲೆಕ್ಕ ಕಂಡಿದ್ದು ಕಡಿಮೆ. ಆ ಪೆಟ್ಟಿಗೆಯಲ್ಲಿ ಕಷ್ಟಕಾಲಕ್ಕೆ ಅಂತ ಬೇರೆ ದುಡ್ಡು ಇಡುತ್ತಾರೆ. ಯಾರ ಮನೆಯಲ್ಲಿ ಹೆಚ್ಚುವರಿ ಮಕ್ಕಳಿವೆ, ಯಾರಿಗೆ ನಿಜವಾಗಿ ಕಷ್ಟ ಅಂತ ಅವರಿಗೆ ಗೊತ್ತಿರುವಷ್ಟು ನಮಗೂ ಗೊತ್ತಿಲ್ಲ, ಕಂಪಾಲಾದ ಯಾವ ಆಫೀಸಿಗೂ ಗೊತ್ತಿಲ್ಲ.

ಆದ್ದರಿಂದ ನಾನು ಕೇಳುವುದು ಇದು. ಮಕ್ಕಳ ಫೀಸು ನೇರವಾಗಿ ಶಾಲೆಯ ಖಾತೆಗೆ ಹೋಗಲಿ, ಯೂನಿಫಾರ್ಮು ಮತ್ತು ಹಾಳೆಯ ದುಡ್ಡು ಅಜ್ಜಿಯ ಮೊಬೈಲ್ ಮನಿಗೆ ಹೋಗಲಿ, ಯಾವ ಮನೆ ಅನ್ನುವುದನ್ನು ಆ ಹೆಂಗಸರ ಗುಂಪು ಮತ್ತು ಪ್ರೊಬೇಷನ್ ಆಫೀಸರ್ ಸೇರಿ ಹೇಳಲಿ. ಈಗ ನಾವು ಹೋಗುವ ಆಶ್ರಮಕ್ಕೆ ದಿಢೀರ್ ಅಂತ ಬೆನ್ನು ತಿರುಗಿಸುವುದೂ ಬೇಡ, ಅದರ ಪೆಟ್ಟು ಬೀಳುವುದು ಮಕ್ಕಳಿಗೇ. ಕೇಳಬೇಕಾದ್ದನ್ನು ಕೇಳೋಣ. ಪರವಾನಗಿ ಪತ್ರ ತೋರಿಸಿ. ಒಂದೊಂದು ಮಗುವಿಗೂ ಕೋರ್ಟಿನ ಆದೇಶ ಇದೆಯಾ, ಯಾಕೆಂದರೆ ತುರ್ತು ಸಂದರ್ಭ ಬಿಟ್ಟರೆ ಅದಿಲ್ಲದೆ ಮಗುವನ್ನು ಇಟ್ಟುಕೊಳ್ಳಲು ಇಲ್ಲಿನ ಕಾಯಿದೆ ಬಿಡುವುದಿಲ್ಲ. ಈ ಮಗುವಿನ ನೆಂಟರು ಎಲ್ಲಿದ್ದಾರೆ, ಕೊನೆಯ ಸಲ ಯಾವಾಗ ನೋಡಿದರು. ಮಗುವನ್ನು ಮನೆಗೆ ಕಳಿಸಲು ಏನು ಬೇಕು, ಅದನ್ನು ನಾವು ಕೊಡುತ್ತೇವೆ. ಒಳ್ಳೆಯ ಆಶ್ರಮದವರಾದರೆ ಈ ಪ್ರಶ್ನೆಗೆ ಸಂತೋಷಪಡುತ್ತಾರೆ. ಮುಖ ಗಂಟಿಕ್ಕಿದರೆ ನಮಗೆ ಉತ್ತರ ಸಿಕ್ಕಿತು. ಮಗುವಿಗೆ ತೊಂದರೆ ಆಗುತ್ತಿದೆ ಅಂತ ಕಂಡರೆ ಇಲ್ಲಿನ ಮಕ್ಕಳ ಸಹಾಯವಾಣಿ 116ಕ್ಕೆ ಫೋನ್ ಮಾಡಿ, ದುಡ್ಡು ಬೀಳುವುದಿಲ್ಲ. ಮತ್ತೆ ದಯವಿಟ್ಟು, ಊರಿಂದ ಬಂದ ನೆಂಟರನ್ನು ಆಶ್ರಮ ತೋರಿಸಲು ಕರೆದುಕೊಂಡು ಹೋಗಬೇಡಿ. ಮಕ್ಕಳ ಮುಖ ಕಾಣುವ ಫೋಟೋಗಳನ್ನು ಅಳಿಸಿ. ನನ್ನವು ಅಳಿಸಿದ್ದೇನೆ.

ಆ ಹುಡುಗ ಈಗ ಎಂಪಿಗಿಯಲ್ಲಿದ್ದಾನೆ. ಪ್ರೊಬೇಷನ್ ಆಫೀಸರ್ ಎಂಟು ತಿಂಗಳು ಓಡಾಡಿದ ಮೇಲೆ ಕಳಿಸಿಕೊಟ್ಟರು. ಮೊದಲ ವಾರ ರಾತ್ರಿ ಹೊತ್ತು ಎದ್ದು ಕೂರುತ್ತಿದ್ದನಂತೆ, ಯಾರೋ ಕರೆದುಕೊಂಡು ಹೋಗುತ್ತಾರೆ ಅಂತ. ಈಗ ಕೂರುವುದಿಲ್ಲ. ಆ ನಾಲ್ಕು ವರ್ಷದ ಹೆಣ್ಣುಮಗು ಇನ್ನೂ ಆಶ್ರಮದಲ್ಲೇ ಇದೆ. ಅದರ ಊರು ಯಾವುದು ಅಂತ ಫೈಲಿನಲ್ಲಿ ಬರೆದಿಲ್ಲ. ಹುಡುಕುತ್ತಿದ್ದಾರೆ.

ರಾಜ್ಯೋತ್ಸವದ ಸಭೆಗೆ ನಾನು ಲೆಕ್ಕದ ಹಾಳೆ, ಆ ಶಾಲೆಯ ಖಾತೆಯ ವಿವರ ಎರಡನ್ನೂ ತರುತ್ತೇನೆ. ಹೊಸ ಟರ್ಮ್ ಫೆಬ್ರವರಿಯಲ್ಲಿ ಶುರು. ಅಷ್ಟರೊಳಗೆ ಇಪ್ಪತ್ತು ಪೊರಕೆ, ಇಪ್ಪತ್ತು ಬಂಡಲ್ ಹಾಳೆ, ಇಪ್ಪತ್ತು ಯೂನಿಫಾರ್ಮ್ ಆಗಬೇಕು. ಯಾರ್ಯಾರು ಯಾವ ಮನೆಗೆ ಅಂತ ಅವತ್ತೇ ಬರೆದುಕೊಂಡುಬಿಡೋಣ.

ನಿಮ್ಮವನು,
ಕಂಪಾಲಾದಿಂದ ಒಬ್ಬ ಹಾಸನದವನು